ಪ್ರಶ್ನೆ ಕೇಳುವವರನ್ನು ತಯಾರು ಮಾಡಮ್ಮ

ಎಚ್‌ಆರ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಸುರಕ್ಷತಾ ಸಮಿತಿಯ ತರಬೇತಿಯನ್ನು ನಿನ್ನ ತಲೆಗೆ ಕಟ್ಟಿದ್ದಾರೆ. ಒಳ್ಳೆಯದೇ ಆಯಿತು. "ಮಾವ, ಒಂದು ದಿನದ ಪ್ರೋಗ್ರಾಂ. ಒಬ್ಬರು ಟ್ರೈನರ್, ಊಟ, ಸರ್ಟಿಫಿಕೇಟು, ಗ್ರೂಪ್ ಫೋಟೋ. ಅಷ್ಟೇ ಅಲ್ವಾ?" ಅಂತ ಕೇಳಿದೆ. ಅಷ್ಟೇ ಆಗಿದ್ದರೆ ನನ್ನನ್ನು ಕೇಳಬೇಕಾಗಿರಲಿಲ್ಲ, ಕ್ಯಾಂಟೀನ್ ಕಂಟ್ರಾಕ್ಟರನ್ನು ಕೇಳಿದ್ದರೂ ಸಾಕಿತ್ತು. ಪ್ರೆಸ್ ಶಾಪು, ಪೇಂಟ್ ಶಾಪುಗಳಲ್ಲಿ ಸೇಫ್ಟಿ ಆಫೀಸರ್ ಆಗಿಯೇ ತಲೆ ನರೆಸಿಕೊಂಡವನು ನಾನು. ತಿಳಿದಷ್ಟನ್ನು ಬರೆಯುತ್ತೇನೆ. ನಿನ್ನ ಕಾರ್ಖಾನೆಗೆ ಹೊಂದುವುದನ್ನು ಇಟ್ಟುಕೊ, ಉಳಿದದ್ದನ್ನು ಬಿಡು.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊ. ಹೆಲ್ಮೆಟ್ ಹಾಕಿಕೊ, ಕಿವಿಗೆ ಪ್ಲಗ್ ಇಟ್ಟುಕೊ, ಓಡುವ ಮೆಷಿನ್ನಿಗೆ ಕೈ ಹಾಕಬೇಡ ಅನ್ನುವ ಪಾಠ ಎಲ್ಲರಿಗೂ ಬೇಕು. ಗೇಟಿನೊಳಗೆ ಕಾಲಿಟ್ಟ ದಿನವೇ ಅದನ್ನು ಕೊಡಬೇಕು. ಸುರಕ್ಷತಾ ಸಮಿತಿಯಲ್ಲಿ ಕೂರುವ ಕಾರ್ಮಿಕ ಪ್ರತಿನಿಧಿಗೆ ಕೊಡುವ ತರಬೇತಿಯೇ ಬೇರೆ. ಆತ ತನ್ನ ಬೆರಳನ್ನು ತಾನು ಕಾಪಾಡಿಕೊಂಡರೆ ಸಾಲದು. ತನ್ನ ಲೈನಿನ ಅಷ್ಟೂ ಜನರ ಪರವಾಗಿ ಅಪಾಯ ಗುರುತಿಸಬೇಕು, ಮೇಜಿನ ಆಚೆ ಕೂತ ಪ್ಲಾಂಟ್ ಮ್ಯಾನೇಜರನ್ನು ಕೇಳಬೇಕು, ಉತ್ತರ ಪಡೆದು ಅದನ್ನು ಲೈನಿಗೆ ವಾಪಸ್ ಒಯ್ದು ಹೇಳಬೇಕು. ಅಂದರೆ ನೀನು ಕೊಡಿಸುವ ತರಬೇತಿಯ ಫಲವಾಗಿ ನಿನ್ನನ್ನೂ ನಿನ್ನ ಮೇಲಿನವರನ್ನೂ ಇಕ್ಕಟ್ಟಿಗೆ ಸಿಕ್ಕಿಸುವ ಪ್ರಶ್ನೆಗಳು ಹುಟ್ಟಬೇಕು. ತರಬೇತಿ ಮುಗಿದು ಎರಡು ಸಭೆ ಕಳೆದರೂ ಯಾರೂ ಏನೂ ಕೇಳಲಿಲ್ಲವೆಂದರೆ ಖರ್ಚಾದ ದುಡ್ಡು ದಂಡ ಅಂತ ತಿಳಿ.

ಇದು ಯಾರೋ ಉಪಕಾರಕ್ಕೆ ಕೊಟ್ಟ ಸೌಲಭ್ಯವಲ್ಲ ಕಣಮ್ಮ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಸೋರಿ ಸಾವಿರಾರು ಜನ ಸತ್ತರಲ್ಲ, ಆ ಸಾವುಗಳ ಮೇಲೆ ಬಂದ ಕಾನೂನು ಇದು. ಆ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದ ಟಿ. ಆರ್. ಚೌಹಾಣ್ ಆಮೇಲೆ ಪುಸ್ತಕವನ್ನೇ ಬರೆದರು. ಖರ್ಚು ಉಳಿಸಲು ಆಪರೇಟರುಗಳ ತರಬೇತಿಯನ್ನೂ ಜನರ ಸಂಖ್ಯೆಯನ್ನೂ ಹೇಗೆ ಕಡಿದುಹಾಕಲಾಯಿತು ಎಂಬುದು ಒಳಗಿದ್ದವರ ಬಾಯಿಂದಲೇ ಹೊರಬಂತು. ದುರಂತಕ್ಕೆ ಮುಂಚೆಯೇ ಅಲ್ಲಿನ ಕಾರ್ಮಿಕರು ಅಪಾಯವಿದೆ ಅಂತ ಕೂಗಿ ಹೇಳಿದ್ದರು, ಆದರೆ ಆ ಕೂಗನ್ನು ಕೇಳಲೇಬೇಕು ಅನ್ನುವ ಕಟ್ಟುಪಾಡು ಯಾರಿಗೂ ಇರಲಿಲ್ಲ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿ ಕೂರುವ ಸುರಕ್ಷತಾ ಸಮಿತಿ ಇರಬೇಕು ಅಂತ 41ಜಿ ಕಲಂ ಸೇರಿತು. ಕಾರ್ಮಿಕನಿಗೆ ತನ್ನ ಆರೋಗ್ಯ, ಸುರಕ್ಷತೆಯ ಮಾಹಿತಿ ಕೇಳಿ ಪಡೆಯುವ ಹಕ್ಕು ಬಂತು. ಸಾಧ್ಯವಾದಲ್ಲಿ ಕಾರ್ಖಾನೆಯ ಒಳಗೇ, ಇಲ್ಲವಾದರೆ ಮಾಲೀಕನೇ ಕಳಿಸಿಕೊಟ್ಟು ಮಾನ್ಯತೆ ಪಡೆದ ಕೇಂದ್ರದಲ್ಲಿ, ತರಬೇತಿ ಪಡೆಯುವ ಹಕ್ಕನ್ನು 111ಎ ಕಲಂ ಕೊಟ್ಟಿತು.

ಈಗ ಆ 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಬಂದಿದೆ. 2025ರ ನವೆಂಬರ್ 21ರಂದು ಜಾರಿಯಾಯಿತು. ಅದರಲ್ಲೂ ಮೂಲ ಮಾತು ಉಳಿದಿದೆ. ಮಾಹಿತಿ, ಸೂಚನೆ, ತರಬೇತಿ, ಮೇಲ್ವಿಚಾರಣೆ ಇವೆಲ್ಲ ಮಾಲೀಕರ ಹೊಣೆ. ಸಮಿತಿಯಲ್ಲಿ ಕಾರ್ಮಿಕ ಪ್ರತಿನಿಧಿಗಳ ಸಂಖ್ಯೆ ಆಡಳಿತದವರಿಗಿಂತ ಕಡಿಮೆ ಇರಕೂಡದು. ಜೀವಕ್ಕೆ ಕುತ್ತು ಬರುವಂಥ ಅಪಾಯ ತಲೆಯ ಮೇಲಿದೆ ಅನ್ನಿಸಿದರೆ ಕಾರ್ಮಿಕ ನೇರವಾಗಿ ಅಥವಾ ಸಮಿತಿಯ ಸದಸ್ಯನ ಮೂಲಕ ಮಾಲೀಕರಿಗೆ ತಿಳಿಸಬಹುದು, ಅದೇ ಹೊತ್ತಿಗೆ ಇನ್‌ಸ್ಪೆಕ್ಟರಿಗೂ ತಿಳಿಸಬಹುದು. ಸೇಫ್ಟಿ ಆಫೀಸರ್ ನೇಮಕದ ಮಿತಿಯೂ ಬದಲಾಗಿದೆ. ಹಿಂದೆ ಸಾವಿರ ಕಾರ್ಮಿಕರಿದ್ದರೆ ಕಡ್ಡಾಯವಿತ್ತು, ಈಗ ಐನೂರಕ್ಕೆ ಇಳಿದಿದೆ. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗೆ ಇನ್ನೂರೈವತ್ತು. ನಿನ್ನ ಮ್ಯಾನೇಜರ್ "ಇದೆಲ್ಲ ಯಾಕೆ ಬೇಕು" ಅಂದಾಗ ಜಗಳಕ್ಕೆ ನಿಲ್ಲಬೇಡ. ಈ ಒಂದು ಪ್ಯಾರಾ ಮುಂದಿಡು, ಸಾಕು.

ಇನ್ನು ಜನರ ಆಯ್ಕೆ. ಇಲ್ಲೇ ಹೆಚ್ಚಿನ ಕಡೆ ಎಡವುತ್ತಾರೆ. ಯಾರು ಸೂಪರ್‌ವೈಸರ್ ಮಾತಿಗೆ ಹೂಂಗುಟ್ಟುತ್ತಾರೋ ಅವರನ್ನೇ ಹುಡುಕಿ ಪಟ್ಟಿ ಮಾಡುತ್ತಾರೆ. ಆಯ್ಕೆ ಕಾರ್ಮಿಕರ ಕೈಯಲ್ಲಿರಲಿ. ಯೂನಿಯನ್ ಇದ್ದರೆ ಅವರ ಜೊತೆ ಕೂತು ಮಾತಾಡು, ಇಲ್ಲದಿದ್ದರೆ ಪ್ರತಿ ವಿಭಾಗದಲ್ಲೂ ಚೀಟಿ ಹಾಕಿಸು. ತಂಟೆಕೋರ ಅಂತ ಹೆಸರು ಪಡೆದವನೊಬ್ಬ ಗೆದ್ದು ಬಂದರೆ ಗಾಬರಿಯಾಗಬೇಡ. ಇಪ್ಪತ್ತು ಜನ ನಂಬಿ ಕಳಿಸಿದವನು ಅವನು. ತರಬೇತಿ ಸಿಕ್ಕಿದ ಮೇಲೆ ಅವನ ಬಾಯಿಗೆ ಲೆಕ್ಕವೂ ಸೇರುತ್ತದೆ, ದಾಖಲೆಯೂ ಸೇರುತ್ತದೆ.

ಪಟ್ಟಿ ಕೈಗೆ ಬಂದಾಗ ಮೂರು ಬಗೆಯ ಜನರನ್ನು ಅದರಲ್ಲಿ ಹುಡುಕು. ಒಂದು, ರಾತ್ರಿ ಶಿಫ್ಟಿನವರು ಇದ್ದಾರಾ? ಮೇಂಟೆನೆನ್ಸ್ ಜನ ಕಡಿಮೆ, ಡಾಕ್ಟರ್ ಇಲ್ಲ, ಆಂಬುಲೆನ್ಸ್ ಡ್ರೈವರ್ ಮಲಗಿರುತ್ತಾನೆ, ಹಾಗಾಗಿ ರಾತ್ರಿಯ ಅಪಾಯವೇ ಬೇರೆ. ಎರಡು, ಹೆಂಗಸರು ಇದ್ದಾರಾ? ಅವರಿದ್ದರೆ ಶೌಚಾಲಯದ ದೂರ, ನೀರು ಕುಡಿಯದೆ ಶಿಫ್ಟ್ ಮುಗಿಸುವುದು, ಗಂಡಸರ ಅಳತೆಗೆ ಮಾಡಿದ ಗ್ಲೌಸು ಜಾರುವುದು ಇವೆಲ್ಲ ಸಭೆಗೆ ಬರುತ್ತವೆ. ಇಲ್ಲದಿದ್ದರೆ ಬರುವುದೇ ಇಲ್ಲ. ಮೂರು, ಗುತ್ತಿಗೆಯವರು. ಟ್ಯಾಂಕಿನೊಳಗೆ ಇಳಿಯುವವರು, ಶೀಟಿನ ಮೇಲೆ ಹತ್ತುವವರು, ಡ್ರಮ್ಮು ಹೊರುವವರು ಬಹುಪಾಲು ಅವರೇ. "ಅವರು ನಮ್ಮ ರೋಲಿನಲ್ಲಿಲ್ಲ" ಅನ್ನುವ ಮಾತಿಗೆ ಸೊಪ್ಪು ಹಾಕಬೇಡ. ಸಮಿತಿಯಲ್ಲಿ ಕೂರಿಸಲು ತೊಡಕಿದ್ದರೆ ತರಬೇತಿಯಲ್ಲಾದರೂ ಕೂರಿಸು.

ಸಮಯದ ವಿಷಯಕ್ಕೆ ಬರುತ್ತೇನೆ. ರಾತ್ರಿ ಶಿಫ್ಟ್ ಮುಗಿಸಿ ಕಣ್ಣು ಕೆಂಪಾದವರನ್ನು ಬೆಳಿಗ್ಗೆ ಒಂಬತ್ತಕ್ಕೆ ಕೂರಿಸಿದರೆ ಟ್ರೈನರ್ ಮಾತು ಅವರಿಗೆ ಜೋಗುಳವೇ. ವಾರದ ರಜೆಯ ದಿನ ಕರೆಯಬೇಡ, ಊಟದ ಬಿಡುವಿನಲ್ಲಿ ಕದಿಯಬೇಡ. ತರಬೇತಿಯ ದಿನ ಅಂದರೆ ಡ್ಯೂಟಿಯ ದಿನ, ಪೂರ್ತಿ ಸಂಬಳದ ದಿನ. ಪೀಸ್ ಲೆಕ್ಕದ ಇನ್ಸೆಂಟಿವ್ ಇರುವ ಕಡೆ ಆ ದಿನದ ಸರಾಸರಿಯನ್ನೂ ಕಟ್ಟಿಕೊಡು. ಇದನ್ನು ಮೊದಲೇ ಬರೆದು ನೋಟಿಸ್ ಬೋರ್ಡಿಗೆ ಹಾಕಿಸು. "ಮೀಟಿಂಗಿಗೆ ಹೋದರೆ ಇನ್ನೂರು ರೂಪಾಯಿ ಹೋಗುತ್ತೆ" ಅನ್ನುವ ಲೆಕ್ಕ ಒಮ್ಮೆ ಲೈನಿನಲ್ಲಿ ಹಬ್ಬಿತೋ, ಮುಂದಿನ ಸಲ ಯಾರೂ ಹೆಸರು ಕೊಡುವುದಿಲ್ಲ. ಅವರ ಜಾಗಕ್ಕೆ ಬದಲಿ ಆಳು ಹಾಕಿಸುವುದನ್ನೂ ಮರೆಯಬೇಡ. ಇಲ್ಲದಿದ್ದರೆ ಉಳಿದವರ ಮೇಲೆ ಹೊರೆ ಬಿದ್ದು, ಪ್ರತಿನಿಧಿ ಅವರ ಕಣ್ಣಿಗೇ ಕೆಟ್ಟವನಾಗುತ್ತಾನೆ.

ಎಷ್ಟು ದಿನ ಅಂತ ಕೇಳುತ್ತೀಯ. ಬ್ರಿಟನ್ನಿನಲ್ಲಿ 1978ರಿಂದಲೇ, ಯೂನಿಯನ್ ನೇಮಿಸಿದ ಸುರಕ್ಷತಾ ಪ್ರತಿನಿಧಿಗೆ ತರಬೇತಿಗಾಗಿ ಸಂಬಳ ಸಹಿತ ಬಿಡುವು ಕೊಡಬೇಕು ಅಂತ ನಿಯಮವಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೊದಲಿಗೆ ಐದು ದಿನದ ಕೋರ್ಸ್, ಆಮೇಲೆ ವರ್ಷಕ್ಕೊಂದು ರಿಫ್ರೆಷರ್, ಖರ್ಚು ಮಾಲೀಕರದ್ದು. ನಿನ್ನ ಕಂಪನಿಯಲ್ಲಿ ಮೊದಲ ಸಲವೇ ಐದು ದಿನ ಕೇಳಿದರೆ ಫೈಲ್ ಅಲ್ಲೇ ಮಲಗುತ್ತದೆ. ಎರಡು ದಿನ ಕೇಳು. ಎರಡನ್ನೂ ಒಟ್ಟಿಗೆ ಮಾಡದೆ ನಡುವೆ ಎರಡು ವಾರ ಅಂತರ ಬಿಡು. ಮೊದಲ ದಿನ ಕಲಿತದ್ದನ್ನು ಆ ಎರಡು ವಾರ ತಂತಮ್ಮ ವಿಭಾಗದಲ್ಲಿ ಕಣ್ಣಿಟ್ಟು ನೋಡಿ, ಬರೆದುಕೊಂಡು ಎರಡನೆಯ ದಿನಕ್ಕೆ ಬರಲಿ. ಬ್ಯಾಚಿಗೆ ಇಪ್ಪತ್ತು ಜನ ಮೀರದಿರಲಿ. ಎಂಬತ್ತು ಜನರನ್ನು ಹಾಲಿನಲ್ಲಿ ತುಂಬಿದರೆ ಅದು ಭಾಷಣವಾಗುತ್ತದೆ.

ಭಾಷೆಯ ಕಡೆ ವಿಶೇಷ ಗಮನ ಕೊಡು. ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ, ನರಸಾಪುರ, ನೀನು ಯಾವ ಕೈಗಾರಿಕಾ ಪ್ರದೇಶಕ್ಕೆ ಹೋದರೂ ಈಗ ಲೈನಿನಲ್ಲಿ ಕನ್ನಡದ ಪಕ್ಕದಲ್ಲಿ ಒಡಿಯಾ, ಬಂಗಾಳಿ, ಅಸ್ಸಾಮಿ, ಭೋಜ್‌ಪುರಿ ಕೇಳುತ್ತದೆ. ಟ್ರೈನರ್ ಇಂಗ್ಲಿಷ್ ಸ್ಲೈಡ್ ಹಾಕಿ, ನಡುನಡುವೆ ಹಿಂದಿ ಬೆರೆಸಿ ಮಾತಾಡಿದರೆ ರಾಯಚೂರಿನ ಹುಡುಗನಿಗೂ ದಕ್ಕುವುದಿಲ್ಲ, ಒಡಿಶಾದ ಗಂಜಾಮಿನವನಿಗೂ ದಕ್ಕುವುದಿಲ್ಲ. ಇಬ್ಬರೂ ತಲೆಯಾಡಿಸುತ್ತಾರೆ, ಫೀಡ್‌ಬ್ಯಾಕ್ ಫಾರಂನಲ್ಲಿ "ಗುಡ್" ಅಂತ ಟಿಕ್ ಹಾಕುತ್ತಾರೆ. ಕನ್ನಡದ ಬ್ಯಾಚ್ ಬೇರೆ, ಹಿಂದಿಯ ಬ್ಯಾಚ್ ಬೇರೆ ಮಾಡು. ಒಡಿಯಾ, ಬಂಗಾಳಿಯವರಿಗೆ ಅವರಲ್ಲೇ ಎರಡು ಭಾಷೆ ಬಲ್ಲ ಒಬ್ಬನನ್ನು ಜೊತೆಗೆ ಕೂರಿಸು, ಅವನಿಗೆ ಮೊದಲೇ ವಿಷಯ ತಿಳಿಸಿರು. ಕೈಗೆ ಕೊಡುವ ಹಾಳೆ ಎರಡು ಪುಟ ಮೀರದಿರಲಿ, ಚಿತ್ರ ಹೆಚ್ಚಿರಲಿ.

ಕಲಿಸುವವರು ಯಾರು? ಮಾರುಕಟ್ಟೆಯಲ್ಲಿ ಟ್ರೈನರುಗಳಿಗೆ ಬರವಿಲ್ಲ. ಸರ್ಕಾರದ ಕಡೆಯಿಂದ ಮುಂಬೈಯ ಕೇಂದ್ರ ಕಾರ್ಮಿಕ ಸಂಸ್ಥೆ, ನಮಗೆ ಹತ್ತಿರದ ಚೆನ್ನೈಯ ಪ್ರಾದೇಶಿಕ ಕಾರ್ಮಿಕ ಸಂಸ್ಥೆ ಈ ಕೆಲಸದಲ್ಲಿ ಹಳಬರು. 1966ರ ಮಾರ್ಚ್ 4ರಂದು ಹುಟ್ಟಿದ ರಾಷ್ಟ್ರೀಯ ಸುರಕ್ಷತಾ ಮಂಡಳಿಗೆ ಕರ್ನಾಟಕದಲ್ಲೂ ಶಾಖೆಯಿದೆ. ನಾವು ಮಾರ್ಚ್ 4ರಂದು ಸುರಕ್ಷತಾ ದಿನ ಆಚರಿಸುವುದು ಅದೇ ಲೆಕ್ಕದಲ್ಲಿ. 1958ರಲ್ಲಿ ಶುರುವಾದ ಕಾರ್ಮಿಕರ ಶಿಕ್ಷಣ ಮಂಡಳಿ ಈಗ ದತ್ತೋಪಂತ್ ಠೇಂಗಡಿ ಹೆಸರಿನಲ್ಲಿದೆ. ಕಾರ್ಮಿಕರಿಗೆ ಅವರ ಭಾಷೆಯಲ್ಲೇ ಹೇಳಿ ಅಭ್ಯಾಸವಿರುವವರು ಅಲ್ಲಿ ಸಿಗುತ್ತಾರೆ. ರಾಜ್ಯದ ಕಾರ್ಖಾನೆ, ಬಾಯ್ಲರುಗಳ ಇಲಾಖೆಗೆ ಒಂದು ಪತ್ರ ಬರೆದು, ಒಂದು ಗಂಟೆಗೆ ಅಧಿಕಾರಿಯೊಬ್ಬರನ್ನು ಕಳಿಸಿ ಅಂತ ಕೇಳು. ಇನ್‌ಸ್ಪೆಕ್ಟರ್ ಅಂದರೆ ಹೆದರುವ ಕಾರ್ಮಿಕರು ಅವರ ಮುಖ ನೋಡಿ ಮಾತಾಡಿಸಿದರೆ ಅದೇ ಅರ್ಧ ತರಬೇತಿ.

ಯಾರನ್ನೇ ಕರೆಸು, ಎರಡು ಪ್ರಶ್ನೆ ಕೇಳದೆ ಗೊತ್ತು ಮಾಡಬೇಡ. "ಹಿಂದಿನ ದಿನ ಬಂದು ನಮ್ಮ ಶಾಪ್‌ಫ್ಲೋರ್ ಸುತ್ತಿ ನೋಡುತ್ತೀರಾ?" ಅನ್ನು. ಆಗುವುದಿಲ್ಲ ಅಂದವರನ್ನು ಬಿಟ್ಟುಬಿಡು. ಅವರ ಬಳಿ ಇರುವುದು ಸಿಮೆಂಟ್ ಕಾರ್ಖಾನೆಗೂ ಗಾರ್ಮೆಂಟ್ಸಿಗೂ ಒಂದೇ ಸ್ಲೈಡು. "ಅರ್ಧ ದಿನ ಕ್ಲಾಸಿನ ಹೊರಗೆ ಮಾಡುತ್ತೀರಾ?" ಅನ್ನುವುದು ಎರಡನೆಯದು. ಯಾಕೆ ಅಂತ ಒಂದು ಉದಾಹರಣೆ ಹೇಳುತ್ತೇನೆ.

ಒಂದು ಕಾರ್ಖಾನೆಯ ತರಬೇತಿಯಲ್ಲಿ ಮಧ್ಯಾಹ್ನ ಎಲ್ಲರನ್ನೂ ಪ್ರೆಸ್ ಶಾಪಿಗೆ ಕರೆದುಕೊಂಡು ಹೋಗಿದ್ದೆವು. ಪವರ್ ಪ್ರೆಸ್ಸಿಗೆ ಎಡಕ್ಕೊಂದು ಬಲಕ್ಕೊಂದು ಗುಂಡಿ ಇರುತ್ತದೆ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ರ‍್ಯಾಮ್ ಇಳಿಯಬೇಕು. ಕೈ ಎರಡೂ ಗುಂಡಿಯ ಮೇಲಿದ್ದ ಮೇಲೆ ಡೈಯ ಒಳಗಿರುವುದು ಸಾಧ್ಯವಿಲ್ಲವಲ್ಲ, ಅದೇ ಉಪಾಯ. ಒಂದು ಹಳೆಯ ಪ್ರೆಸ್ಸಿನ ಎಡಗಡೆಯ ಗುಂಡಿಯ ಸಂದಿಗೆ ಮರದ ಚಕ್ಕೆಯೊಂದನ್ನು ಚುಚ್ಚಿ ಅದನ್ನು ಸದಾ ಒತ್ತಿಕೊಂಡಿರುವಂತೆ ಮಾಡಿದ್ದರು. ಚಕ್ಕೆಯ ತುದಿ ಎಣ್ಣೆ ಕುಡಿದು ಕಪ್ಪಾಗಿತ್ತು. ಅಂದರೆ ಅದು ಆವತ್ತು ಇಟ್ಟದ್ದಲ್ಲ. ಜೊತೆಗಿದ್ದ ಸೂಪರ್‌ವೈಸರ್ "ಯಾರೋ ಇದನ್ನ ಮಾಡಿದ್ದು?" ಅಂತ ಸಿಡುಕಿದರು. ಆಪರೇಟರ್ ತಲೆ ತಗ್ಗಿಸಿದ. ಟ್ರೈನರ್ ಸೂಪರ್‌ವೈಸರನ್ನು ಸುಮ್ಮನಿರಿಸಿ, ಪ್ರತಿನಿಧಿಗಳ ಕಡೆ ತಿರುಗಿ, "ಯಾರು ಅಂತ ಕೇಳಬೇಡಿ, ಯಾಕೆ ಅಂತ ಕೇಳಿ" ಅಂದರು.

ಒಬ್ಬ ಕೇಳಿದ: ಯಾಕಣ್ಣ ಚಕ್ಕೆ ಇಟ್ಟೆ? ಎಡಗೈ ಖಾಲಿ ಬೇಕು. ಯಾಕೆ ಬೇಕು? ಪೀಸು ಡೈಗೆ ಕಚ್ಚಿಕೊಳ್ಳುತ್ತೆ, ಎಳೀಬೇಕು. ಯಾಕೆ ಕಚ್ಚಿಕೊಳ್ಳುತ್ತೆ? ಎಜೆಕ್ಟರ್ ಸ್ಪ್ರಿಂಗ್ ಮುರಿದಿದೆ. ಯಾಕೆ ಬದಲಾಯಿಸಿಲ್ಲ? ಸ್ಲಿಪ್ ಕೊಟ್ಟಿದ್ದೀವಿ, ಸ್ಟೋರ್ಸಿನಲ್ಲಿ ಸ್ಟಾಕಿಲ್ಲ ಅಂದ್ರು. ಸ್ಪ್ರಿಂಗ್ ಬರೋವರೆಗೆ ಟಾರ್ಗೆಟ್ ಇಳಿಸಿದ್ರಾ? ಇಲ್ಲ. ಅಷ್ಟು ಹೊತ್ತಿಗೆ ಆಪರೇಟರ್ ತಲೆ ಎತ್ತಿದ್ದ, ಸೂಪರ್‌ವೈಸರ್ ನೆಲ ನೋಡುತ್ತಿದ್ದರು. ಒಬ್ಬನ ಅಡ್ಡಾದಿಡ್ಡಿತನ ಅಂತ ಮುಗಿದುಹೋಗಬಹುದಾಗಿದ್ದದ್ದು ಸ್ಟೋರ್ಸಿನ ಖರೀದಿಗೂ ಪ್ರೊಡಕ್ಷನ್ ಪ್ಲಾನಿಂಗಿಗೂ ಹೋಗಿ ಮುಟ್ಟಿತು. ಹೊಸ ಪ್ರೆಸ್ಸುಗಳಲ್ಲಿ ಪ್ರತಿ ಸಲವೂ ಎರಡೂ ಗುಂಡಿ ಬಿಟ್ಟು ಮತ್ತೆ ಒತ್ತದ ಹೊರತು ರ‍್ಯಾಮ್ ಇಳಿಯದಂಥ ಏರ್ಪಾಡಿರುತ್ತದೆ, ಅಲ್ಲಿ ಚಕ್ಕೆಯ ಆಟ ನಡೆಯದು. ಅದನ್ನು ಹಳೆಯ ಪ್ರೆಸ್ಸಿಗೂ ಅಳವಡಿಸಿ ಅಂತ ಆ ದಿನವೇ ಒಬ್ಬ ಬರೆದುಕೊಂಡ. ಇಂಥ ಪಾಠ ಸ್ಲೈಡಿನಲ್ಲಿ ಸಿಗುವುದಿಲ್ಲ.

ಏನೇನು ಕಲಿಸಬೇಕು ಅನ್ನುವುದಕ್ಕೆ ಉದ್ದ ಸಿಲೆಬಸ್ ಬೇಡ. ಅಪಾಯಕ್ಕೆ ಮದ್ದು ಹುಡುಕುವ ಕ್ರಮ ಮೊದಲು ಬಾಯಿಪಾಠವಾಗಲಿ. ಅಪಾಯವನ್ನೇ ತೆಗೆದುಹಾಕಲಾದೀತೆ? ಆಗದಿದ್ದರೆ ಕಡಿಮೆ ಅಪಾಯದ ವಸ್ತು ತರಬಹುದೆ? ಅದೂ ಆಗದಿದ್ದರೆ ಗಾರ್ಡ್, ಎಕ್ಸಾಸ್ಟ್ ಹಾಕಬಹುದೆ? ಆಮೇಲೆ ಕೆಲಸದ ಪಾಳಿ, ಕ್ರಮ ಬದಲಿಸುವುದು. ಮಾಸ್ಕು, ಗ್ಲೌಸು ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಸಭೆಗಳು ಈ ಪಟ್ಟಿಯನ್ನು ತಲೆಕೆಳಗು ಓದಿ, ಮಾಸ್ಕ್ ಹಂಚಿ ಕೈತೊಳೆದುಕೊಳ್ಳುತ್ತವೆ. ಪ್ರತಿನಿಧಿಗೆ ಕ್ರಮ ಗೊತ್ತಿದ್ದರೆ "ಸಾರ್, ಮೇಲಿನ ನಾಲ್ಕು ಯಾಕೆ ಆಗಲ್ಲ ಅಂತ ಮೊದಲು ಹೇಳಿ" ಅನ್ನುತ್ತಾನೆ.

ರಾಸಾಯನಿಕಗಳ ಸುರಕ್ಷತಾ ಮಾಹಿತಿ ಪತ್ರ ಓದುವುದನ್ನು ಕಲಿಸು. ಅದರಲ್ಲಿ ಹದಿನಾರು ವಿಭಾಗ ಇರುತ್ತವೆ, ಹದಿನಾರೂ ಅವನಿಗೆ ಬೇಡ. ಎರಡನೆಯದು ಅಪಾಯ ಏನು ಅಂತ ಹೇಳುತ್ತದೆ, ನಾಲ್ಕನೆಯದು ಪ್ರಥಮ ಚಿಕಿತ್ಸೆ, ಐದನೆಯದು ಬೆಂಕಿ, ಆರನೆಯದು ಚೆಲ್ಲಿದರೆ ಏನು ಮಾಡಬೇಕು, ಎಂಟನೆಯದು ಗಾಳಿಯಲ್ಲಿ ಎಷ್ಟಿರಬಹುದು, ಏನು ತೊಡಬೇಕು. ಪೇಂಟ್ ಶಾಪಿನ ಥಿನ್ನರ್ ಡ್ರಮ್ಮಿನ ಪತ್ರವನ್ನೇ ತಂದು ಈ ಐದನ್ನು ಕನ್ನಡದಲ್ಲಿ ಬರೆಸು. ಬರೆದ ಹಾಳೆಯನ್ನು ಡ್ರಮ್ಮಿನ ಪಕ್ಕದಲ್ಲೇ ಅಂಟಿಸಲಿ. ಸದ್ದಿನ ಲೆಕ್ಕವನ್ನೂ ಹೇಳಿಕೊಡು. ನಮ್ಮಲ್ಲಿ ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಮಿತಿ. ಸದ್ದು 95ಕ್ಕೆ ಏರಿದರೆ ನಾಲ್ಕೇ ಗಂಟೆ, 100ಕ್ಕೆ ಏರಿದರೆ ಎರಡೇ ಗಂಟೆ. ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಕೈ ಚಾಚಿದಷ್ಟು ದೂರದಲ್ಲಿರುವವನ ಹತ್ತಿರ ಕೂಗಿ ಮಾತಾಡಬೇಕಾದರೆ ಅಳತೆ ಮಾಡಿಸಿ ಅಂತ ಕೇಳಲು ಅಷ್ಟು ಸಾಕು. ವರ್ಷಾನುಗಟ್ಟಲೆ ಪ್ರೆಸ್ ಶಾಪಿನಲ್ಲಿದ್ದವರು ಮನೆಯಲ್ಲಿ ಟಿವಿ ಜೋರು ಮಾಡುತ್ತಾರಲ್ಲ, ಆ ಕಿವಿ ಮತ್ತೆ ಸರಿಹೋಗುವುದಿಲ್ಲ. ಬೆರಳು ಹೋದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಿವಿ, ಶ್ವಾಸಕೋಶ, ಸೊಂಟ ಸದ್ದಿಲ್ಲದೆ ಹೋಗುತ್ತವೆ. ಆರೋಗ್ಯದ ಭಾಗವನ್ನು ಯಾವ ಟ್ರೈನರೂ ಕೊನೆಯ ಅರ್ಧ ಗಂಟೆಗೆ ತಳ್ಳದಂತೆ ನೋಡಿಕೊ.

ಮೂರನೆಯದು ಮಾತಾಡುವುದು, ಬರೆಯುವುದು. ಲೈನಿನಲ್ಲಿ ಗಟ್ಟಿ ದನಿಯವನೂ ಎಸಿ ರೂಮಿನ ಕುರ್ಚಿಯಲ್ಲಿ ಕೂತರೆ ತಡವರಿಸುತ್ತಾನೆ. ಹಾಗಾಗಿ ತರಬೇತಿಯಲ್ಲೇ ಒಂದು ಅಣಕು ಸಭೆ ಮಾಡಿಸು. ಒಬ್ಬ ಮ್ಯಾನೇಜರ್ ಆಗಲಿ, ಇನ್ನೊಬ್ಬ ಪ್ರತಿನಿಧಿಯಾಗಲಿ. "ನೋಡೋಣ" ಅನ್ನುವ ಉತ್ತರ ಬಂದಾಗ ಮುಂದೇನು ಕೇಳಬೇಕು ಅನ್ನುವುದನ್ನು ಅಭ್ಯಾಸ ಮಾಡಿಸು: ಯಾರು ನೋಡುತ್ತಾರೆ, ಯಾವ ತಾರೀಖಿನೊಳಗೆ, ಅಲ್ಲಿಯವರೆಗೆ ಮೆಷಿನ್ ನಡೆಸಬೇಕೋ ಬೇಡವೋ? ಮಿನಿಟ್ಸ್ ಬುಕ್ಕಿನಲ್ಲಿ ಈ ಮೂರಕ್ಕೂ ಉತ್ತರ ಬರೆಯದೆ ಸಹಿ ಹಾಕಕೂಡದು ಅಂತ ಹೇಳಿಕೊಡು. ಮಿನಿಟ್ಸ್ ಕನ್ನಡದಲ್ಲೂ ಇರಲಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ.

ಬಾಯಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ದೇಶವನ್ನೇ ನೋಡು. 2013ರ ಏಪ್ರಿಲ್ 23ರಂದು ಢಾಕಾ ಹತ್ತಿರದ ರಾಣಾ ಪ್ಲಾಜಾ ಕಟ್ಟಡದಲ್ಲಿ ಬಿರುಕು ಬಿಟ್ಟಿತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಮಹಡಿಗಳ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಮಾರನೆಯ ಬೆಳಿಗ್ಗೆ ಒಳಗೆ ಕರೆಸಿದರು. ಕಟ್ಟಡ ಕುಸಿಯಿತು, 1,134 ಜನ ಸತ್ತರು. ಬಿರುಕನ್ನು ಅವರೂ ಕಂಡಿದ್ದರು ಕಣಮ್ಮ. ಒಳಗೆ ಬರುವುದಿಲ್ಲ ಅನ್ನಲು ಅವರಿಗೆ ಬಲವಿರಲಿಲ್ಲ, ಅವರ ಪರವಾಗಿ ನಿಂತು ಅನ್ನುವವರೂ ಇರಲಿಲ್ಲ. ಆಮೇಲೆ ಆದ ಬಾಂಗ್ಲಾದೇಶ ಅಕಾರ್ಡ್ ಒಪ್ಪಂದದಲ್ಲಿ ಕಂಬ, ತಂತಿ, ಬಾಗಿಲುಗಳ ರಿಪೇರಿಯ ಜೊತೆಗೇ ಕಾರ್ಖಾನೆಗಳ ಸುರಕ್ಷತಾ ಸಮಿತಿಗಳಿಗೆ ತರಬೇತಿಯನ್ನೂ ಸೇರಿಸಿದ್ದು ಇದೇ ಕಾರಣಕ್ಕೆ. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಅಪಾಯ ಕಂಡಾಗ ಕೆಲಸ ನಿಲ್ಲಿಸಿ ತಿಳಿಸುವ ದಾರಿ ಯಾವುದು, ಯಾರಿಗೆ ಫೋನ್ ಮಾಡಬೇಕು, ಏನು ಬರೆದುಕೊಡಬೇಕು ಅನ್ನುವುದನ್ನು ನಿನ್ನ ತರಬೇತಿಯಲ್ಲಿ ಪ್ರತಿಯೊಬ್ಬನೂ ಒಂದು ಸಲ ಮಾಡಿ ನೋಡಿರಬೇಕು.

ಕಾರ್ಮಿಕರಿಗೆ ತರಬೇತಿ ಕೊಡಿಸುವ ಮುಂಚೆ ಇನ್ನೊಂದು ಗುಂಪನ್ನು ಕೂರಿಸಬೇಕು. ಸೂಪರ್‌ವೈಸರುಗಳು, ಮ್ಯಾನೇಜರುಗಳು. ಅವರಿಗೆ ಅರ್ಧ ದಿನ ಸಾಕು, ಆದರೆ ಮೊದಲು ಅವರೇ. ಪ್ರತಿನಿಧಿಗೆ ಏನೇನು ಹಕ್ಕಿದೆ, ಅವನು ಏನು ಕೇಳಿದರೆ ಏನು ಕೊಡಬೇಕು, ಪ್ರಶ್ನೆ ಕೇಳಿದ್ದಕ್ಕೆ ಶಿಫ್ಟ್ ಬದಲಾವಣೆ, ಓಟಿ ತಪ್ಪಿಸುವುದು, ದೂರದ ವಿಭಾಗಕ್ಕೆ ಎತ್ತಿಹಾಕುವುದು ಇವೆಲ್ಲ ನಡೆಯುವುದಿಲ್ಲ ಅನ್ನುವುದನ್ನು ಪ್ಲಾಂಟ್ ಹೆಡ್ ಬಾಯಿಂದಲೇ ಹೇಳಿಸು. ನೀನು ಹೇಳಿದರೆ "ಹೊಸ ಹುಡುಗಿ" ಅಂತ ನಗುತ್ತಾರೆ. ಒಬ್ಬ ಪ್ರತಿನಿಧಿಗೆ ಒಂದೇ ಒಂದು ಸಲ ಹೀಗೆ ಏಟು ಬಿದ್ದರೂ ಸಾಕು, ಆ ಸುದ್ದಿ ಚಹಾದ ಹೊತ್ತಿಗೆ ಇಡೀ ಕಾರ್ಖಾನೆ ಸುತ್ತಿರುತ್ತದೆ. ಆಮೇಲೆ ಎಂಥ ದೊಡ್ಡ ಟ್ರೈನರನ್ನು ಕರೆಸಿದರೂ ಯಾರೂ ಬಾಯಿ ಬಿಡುವುದಿಲ್ಲ.

ಅದೇ ಅರ್ಧ ದಿನದಲ್ಲಿ ಅವರಿಗೆ ಇನ್ನೊಂದು ಎಚ್ಚರಿಕೆ ಕೊಟ್ಟಿರು. ತರಬೇತಿ ಚೆನ್ನಾಗಿ ಆದರೆ ಮುಂದಿನ ತಿಂಗಳುಗಳಲ್ಲಿ ನಿಯರ್ ಮಿಸ್ ರಿಜಿಸ್ಟರಿನಲ್ಲಿ ನಮೂದುಗಳು ಏರುತ್ತವೆ. ಕೂದಲೆಳೆಯಲ್ಲಿ ತಪ್ಪಿದ ಅವಘಡಗಳು ಹಿಂದೆಯೂ ಆಗುತ್ತಿದ್ದವು, ಈಗ ಬರೆಯುವವರು ಬಂದಿದ್ದಾರೆ. "ತರಬೇತಿ ಕೊಟ್ಟ ಮೇಲೆ ಸಮಸ್ಯೆ ಜಾಸ್ತಿಯಾಯ್ತಲ್ಲ" ಅಂತ ಯಾರಾದರೂ ಹೆಡ್ ಆಫೀಸಿಗೆ ಮೇಲ್ ಹಾಕುವ ಮುಂಚೆಯೇ ಇದು ಗೊತ್ತಿರಲಿ. ಇನ್ನೂರು ದಿನ ಅಪಘಾತವಿಲ್ಲ ಅಂತ ಗೇಟಿನ ಬೋರ್ಡಿನಲ್ಲಿ ಬರೆದು ಬಹುಮಾನ ಹಂಚುವ ಕಡೆ ಗಾಯಗಳನ್ನು ಮುಚ್ಚಿಡುವ ಅಭ್ಯಾಸ ಬೆಳೆಯುತ್ತದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುವವನು, ತನ್ನಿಂದ ಎಲ್ಲರ ಬಹುಮಾನ ತಪ್ಪಿತು ಅನ್ನುವ ಮಾತಿಗೆ ಹೆದರಿದವನು. ಬಹುಮಾನ ಕೊಡಲೇಬೇಕು ಅಂದರೆ ಹೆಚ್ಚು ನಿಯರ್ ಮಿಸ್ ಬರೆದು, ಅದನ್ನು ಸರಿಪಡಿಸಿಕೊಂಡ ವಿಭಾಗಕ್ಕೆ ಕೊಡಿ ಅಂತ ಹೇಳು.

ಮಾರ್ಚ್ ಬಂತೆಂದರೆ ಸುರಕ್ಷತಾ ಸಪ್ತಾಹದ ಬ್ಯಾನರು, ಪ್ರತಿಜ್ಞೆ, ಘೋಷಣೆ ಬರೆಯುವ ಸ್ಪರ್ಧೆ ನಡೆಯುತ್ತವೆ. ನಡೆಯಲಿ, ಮಕ್ಕಳ ಚಿತ್ರಕ್ಕೆ ಬಹುಮಾನ ಕೊಡುವುದೂ ಚೆಂದವೇ. ಆದರೆ ಸಮಿತಿಯ ತರಬೇತಿಯನ್ನು ಆ ವಾರಕ್ಕೆ ತುರುಕಬೇಡ. ಆ ವಾರ ಎಲ್ಲರ ಗಮನ ಫೋಟೋದ ಕಡೆ ಇರುತ್ತದೆ. ಜೊತೆಗೆ ವರ್ಷಾಂತ್ಯದ ಟಾರ್ಗೆಟ್ಟಿನ ಒತ್ತಡ ಬೇರೆ. ಜೂನ್, ಜುಲೈ ಹೊತ್ತಿಗೆ ಇಟ್ಟುಕೊ. ಮಳೆ ಬಿದ್ದು ನೆಲ ಜಾರುವಾಗ, ಹೊರಾಂಗಣದ ಪ್ಯಾನೆಲ್ಲಿಗೆ ನೀರು ಸೋರುವಾಗ ನೋಡಲು ಬೇಕಾದಷ್ಟು ಸಿಗುತ್ತದೆ.

ತರಬೇತಿ ಮುಗಿದ ಮೇಲಿನ ಕೆಲಸವೇ ನಿನ್ನ ಅಸಲಿ ಕೆಲಸ. ಎರಡನೆಯ ದಿನ ಸಂಜೆ ಪ್ರತಿಯೊಬ್ಬ ಪ್ರತಿನಿಧಿಯೂ ತನ್ನ ವಿಭಾಗದ ಒಂದೇ ಒಂದು ಅಪಾಯವನ್ನು ಬರೆದುಕೊಟ್ಟು ಹೋಗಲಿ. ಅದರಲ್ಲಿ ಕಡಿಮೆ ಖರ್ಚಿನಲ್ಲಿ ಬೇಗ ಆಗುವಂಥವನ್ನು ಆರಿಸಿ ಒಂದು ವಾರದೊಳಗೆ ಮಾಡಿಸು. ಒಡೆದ ಮೆಟ್ಟಿಲು, ಉರಿಯದ ದೀಪ, ತುರ್ತು ಬಾಗಿಲಿಗೆ ಅಡ್ಡವಾಗಿ ಪೇರಿಸಿದ ರಟ್ಟಿನ ಪೆಟ್ಟಿಗೆ. ಹೇಳಿದರೆ ಆಗುತ್ತದೆ ಅನ್ನುವ ನಂಬಿಕೆ ಹುಟ್ಟುವುದು ಇಂಥ ಸಣ್ಣ ಕೆಲಸಗಳಿಂದ. ಖರ್ಚಿನವನ್ನು ಮುಚ್ಚಿಡಬೇಡ, ಯಾವಾಗ ಆಗುತ್ತದೆ ಅಂತ ತಾರೀಖು ಹಾಕಿಸು. ಆಗದು ಅಂತಾದರೆ ಯಾಕೆ ಆಗದು ಅಂತ ಬರೆಸು. ಸಮಿತಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆಯಾದರೂ ಸೇರುತ್ತದೆ. ತರಬೇತಿಯ ನಂತರದ ಮೊದಲ ಸಭೆ ಒಂದು ತಿಂಗಳೊಳಗೇ ಆಗುವಂತೆ ನೋಡಿಕೊ, ಬಿಸಿ ಆರಬಾರದು.

ಆ ಸಭೆಯಲ್ಲಿ ಮೊದಲ ಪ್ರಶ್ನೆ ನಿನ್ನ ವಿಭಾಗದ ಮೇಲೆಯೇ ಬರಬಹುದು: ಗುತ್ತಿಗೆಯವರಿಗೆ ಶೂ ಯಾಕೆ ಕೊಟ್ಟಿಲ್ಲ, ಹೋದ ತಿಂಗಳ ಗಾಯ ರಿಜಿಸ್ಟರಿನಲ್ಲಿ ಯಾಕಿಲ್ಲ ಅಂತ. ಮುಖ ಗಂಟಿಕ್ಕಬೇಡ, ಪಕ್ಕದವರ ಕಡೆ ನೋಡಬೇಡ. ಗೊತ್ತಿದ್ದರೆ ಅಲ್ಲೇ ಉತ್ತರ ಹೇಳು. ಗೊತ್ತಿಲ್ಲದಿದ್ದರೆ ತಾರೀಖು ಹೇಳಿ, ನಿನ್ನ ಕೈಯಾರೆ ಮಿನಿಟ್ಸಿನಲ್ಲಿ ಬರೆ. ಉಳಿದ ಮ್ಯಾನೇಜರುಗಳು ಹೇಗೆ ಉತ್ತರ ಕೊಡಬೇಕು ಅನ್ನುವುದನ್ನು ಅವತ್ತು ನಿನ್ನನ್ನು ನೋಡಿಯೇ ಕಲಿಯುತ್ತಾರೆ.